ಆಂಗ್ಲ ಗುಣವಾಚಕಗಳೂ ನಮ್ಮ ಇತಿಹಾಸ ಲೇಖನವೂ

ಇತಿಹಾಸದ ವಿದ್ಯಾರ್ಥಿಯು ಆಂಗ್ಲ ಗ್ರಂಥವೊಂದನ್ನು ಓದುವಾಗ ಸಾಮಾನ್ಯವಾಗಿ ಹೆಸರುಗಳನ್ನೂ ಇಸವಿಗಳನ್ನೂ ಗುರುತು ಹಾಕಿಕೊಳ್ಳುತ್ತಾನೆ. ಅವುಗಳ ಹಿಂದೆ ನಿಂತಿರುವ ಗುಣವಾಚಕಗಳನ್ನು ಅಲಂಕಾರವೆಂದೆಣಿಸಿ ದಾಟಿಬಿಡುತ್ತಾನೆ. ವ್ಯಾಕರಣದ ಕೈಪಿಡಿಗಳೂ ಇದಕ್ಕೆ ತಕ್ಕಂತೆಯೇ ಇವೆ. ನಾಮಪದದ ಗುಣವನ್ನು ತಿಳಿಸುವ ಪದವೇ ಗುಣವಾಚಕವೆಂದು ಹೇಳಿ, ಹತ್ತಾರು ಉದಾಹರಣೆಗಳನ್ನು ಪಟ್ಟಿಮಾಡಿ, ಬಿಟ್ಟ ಸ್ಥಳ ತುಂಬಿಸಿ ಮುಗಿಸುತ್ತವೆ. ಆದರೆ ನಾಮಪದವು ಸಂಗತಿಯನ್ನು ಹೇಳಿದರೆ, ಗುಣವಾಚಕವು ಆ ಸಂಗತಿಯ ಮೇಲಿನ ತೀರ್ಪನ್ನು ಹೇಳುತ್ತದೆ. ಕನ್ನಡ ನಾಡಿನ ಇತಿಹಾಸವನ್ನು ಕುರಿತ ಕೆಲವು ಪ್ರಸಿದ್ಧ ಆಂಗ್ಲ ಬರಹಗಳಲ್ಲಿ ಈ ತೀರ್ಪು ಹೇಗೆ ಕೆಲಸ ಮಾಡಿದೆಯೆಂಬುದನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

1

ಮೊದಲು ಎರಡು ಭಾಷೆಗಳ ರೀತಿಯನ್ನು ನೋಡಬೇಕು. ಸಂಸ್ಕೃತದಲ್ಲಿ ವಿಶೇಷಣವು ವಿಶೇಷ್ಯದ ಲಿಂಗ, ವಚನ, ವಿಭಕ್ತಿಗಳನ್ನು ಅನುಸರಿಸುತ್ತದೆ. ಕನ್ನಡದಲ್ಲಿಯೂ ಆಂಗ್ಲದಲ್ಲಿಯೂ ಅನುಸರಿಸುವುದಿಲ್ಲ. ಈ ಸಾಮ್ಯದಿಂದಾಗಿ ಎರಡೂ ಒಂದೇ ಬಗೆಯವೆಂದು ವಿದ್ಯಾರ್ಥಿಗಳು ಭಾವಿಸುತ್ತಾರೆ. ಆದರೆ ಆಂಗ್ಲದ ಗುಣವಾಚಕವು ನಾಮಪದದ ಮುಂದೆ ಯಾವ ರೂಪದಲ್ಲಿ ಬರುವುದೋ ಕ್ರಿಯಾಪದದ ನಂತರವೂ ಅದೇ ರೂಪದಲ್ಲಿ ಬರಬಲ್ಲದು. ಕನ್ನಡದಲ್ಲಿ ‘ದೊಡ್ಡ ಊರು’ ಎನ್ನುತ್ತೇವೆ; ಹಿಂದುಮುಂದಾದಾಗ ‘ಊರು ದೊಡ್ಡದು’ ಎನ್ನಬೇಕಾಗುತ್ತದೆ. ಅಂದರೆ ನಮ್ಮಲ್ಲಿ ಗುಣವು ವಿಧೇಯವಾಗುವಾಗ ತನ್ನ ರೂಪವನ್ನೇ ಬದಲಾಯಿಸಿಕೊಳ್ಳುತ್ತದೆ. ಕನ್ನಡದ ಈ ವರ್ಗವನ್ನು ಆಂಗ್ಲದ ಅಚ್ಚಿನಲ್ಲಿಟ್ಟು ನೋಡಲಾಗದೆಂಬುದನ್ನು ಡಿ. ಎನ್. ಶಂಕರ ಭಟ್ಟರು ತಮ್ಮ ವ್ಯಾಕರಣ ಗ್ರಂಥಗಳಲ್ಲಿ ವಿಸ್ತಾರವಾಗಿ ಚರ್ಚಿಸಿದ್ದಾರೆ.

ತುಲನೆಯ ವಿಷಯದಲ್ಲಿಯೂ ಭೇದವಿದೆ. ಆಂಗ್ಲದಲ್ಲಿ ಗುಣವಾಚಕಕ್ಕೇ ಪ್ರತ್ಯಯ ಸೇರಿ ತರತಮ ಭಾವವು ಹುಟ್ಟುತ್ತದೆ. ಯಾವುದಕ್ಕೆ ಹೋಲಿಸಿದ್ದೆಂಬುದನ್ನು ಹೇಳದೆಯೂ ವಾಕ್ಯ ಮುಗಿಯಬಹುದು. ಕನ್ನಡದ ಸಹಜ ವಾಕ್ಯದಲ್ಲಿ ಪ್ರತ್ಯಯವು ಹೋಲಿಕೆಯ ವಸ್ತುವಿಗೇ ಹತ್ತುತ್ತದೆ: ‘ಹುಬ್ಬಳ್ಳಿಗಿಂತ ದುಂಡಸಿ ಚಿಕ್ಕದು.’ ಅಳತೆಗೋಲನ್ನು ಹೇಳದೆ ನಮಗೆ ಗತಿಯಿಲ್ಲ. ಶಿಗ್ಗಾಂವಿ ತಾಲೂಕಿನ ದುಂಡಸಿಯು ಸುತ್ತಲಿನ ಸಣ್ಣ ಹಳ್ಳಿಯವನಿಗೆ ದೊಡ್ಡ ಊರು, ಹುಬ್ಬಳ್ಳಿಯವನಿಗೆ ಚಿಕ್ಕ ಊರು. ಗ್ಯಾಸೆಟಿಯರಿನಂಥ ಗ್ರಂಥದಲ್ಲಿ ಊರಿನ ಹೆಸರಿನ ಮುಂದೆ ‘ಲಾರ್ಜ್’ ಎಂದೋ ‘ಸ್ಮಾಲ್’ ಎಂದೋ ಕಂಡಾಗ, ಅಳತೆಗೋಲು ಬರೆದವನ ಕೈಯಲ್ಲಿಯೇ ಉಳಿದಿದೆಯೆಂಬುದನ್ನು ಮರೆಯಬಾರದು.

ಇನ್ನೊಂದು ಭೇದವು ಇವೆಲ್ಲಕ್ಕಿಂತ ಮುಖ್ಯವಾದದ್ದು. ಆಂಗ್ಲದಲ್ಲಿ ಕೆಲವು ವಿಶೇಷಣಗಳು ಗುಣವನ್ನು ವರ್ಣಿಸುತ್ತವೆ, ಕೆಲವು ವರ್ಗವನ್ನು ನಿರ್ದೇಶಿಸುತ್ತವೆ. ವರ್ಣಿಸುವವುಗಳಿಗೆ ‘ವೆರಿ’ ಎಂಬ ಪದವನ್ನು ಸೇರಿಸಬಹುದು. ವರ್ಗ ನಿರ್ದೇಶಕಗಳಿಗೆ ಸೇರಿಸಲಾಗದು. ಹಲವು ವಿಶೇಷಣಗಳು ಒಟ್ಟಿಗೆ ಬಂದಾಗ ಅಭಿಪ್ರಾಯವನ್ನು ಹೇಳುವವು ದೂರದಲ್ಲಿಯೂ, ವರ್ಗವನ್ನು ಹೇಳುವವು ನಾಮಪದಕ್ಕೆ ಅಂಟಿಕೊಂಡೂ ನಿಲ್ಲುತ್ತವೆ. ಅಂಟಿಕೊಂಡದ್ದು ಕಾಲಕ್ರಮದಲ್ಲಿ ಹೆಸರೇ ಆಗಿಬಿಡುತ್ತದೆ.

2

ಹೆಸರೇ ಆಗಿಬಿಟ್ಟ ವಿಶೇಷಣಕ್ಕೆ ನಮ್ಮ ಭಾಗದಲ್ಲಿಯೇ ನಿದರ್ಶನವಿದೆ. 1817-18ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿದು ಧಾರವಾಡ, ಬೆಳಗಾವಿಗಳ ಸೀಮೆಯು ಕಂಪನಿಯ ಕೈಸೇರಿದ ಮೇಲೆ, ಈ ಪ್ರದೇಶವನ್ನು ‘ಸದರ್ನ್ ಮರಾಠಾ ಕಂಟ್ರಿ’ ಎಂದು ಕರೆಯುವುದು ರೂಢಿಯಾಯಿತು. 1858ರಲ್ಲಿ ನರಗುಂದದ ಬಂಡಾಯದಲ್ಲಿ ಹತನಾದ ಮ್ಯಾನ್ಸನ್ನನು ಇದೇ ಹೆಸರಿನ ಸೀಮೆಯ ಪೊಲಿಟಿಕಲ್ ಏಜಂಟನಾಗಿದ್ದನು. 1882ರಲ್ಲಿ ಸ್ಥಾಪಿತವಾದ ರೇಲ್ವೆ ಕಂಪನಿಯೂ ‘ಸದರ್ನ್ ಮರಾಠಾ’ ಎಂಬ ಹೆಸರನ್ನೇ ತಳೆಯಿತು. 1908ರಲ್ಲಿ ಮದ್ರಾಸ್ ರೇಲ್ವೆಯೊಡನೆ ಕೂಡಿದ ಮೇಲೆಯೂ ಆ ಪದವು ಉಳಿಯಿತು.

ಇಲ್ಲಿ ‘ಸದರ್ನ್’ ಎಂಬುದು ದಿಕ್ಕು, ಅದರಲ್ಲಿ ವಿವಾದವಿಲ್ಲ. ನಾಮಪದಕ್ಕೆ ಅಂಟಿ ನಿಂತ ‘ಮರಾಠಾ’ ಎಂಬುದು ವರ್ಗ. ಮರಾಠಾ ಪ್ರಭುತ್ವವು ಇಲ್ಲಿ ನಡೆದದ್ದು ನಿಜ. ಪಟವರ್ಧನ ಮೊದಲಾದ ಜಹಗೀರದಾರರ ಆಳ್ವಿಕೆಯೂ ನಿಜ. ಆದರೆ ಆಳಿದವರ ಗುರುತು ನೆಲದ ಗುಣವಾದಾಗ, ಆ ನೆಲದಲ್ಲಿ ಬಹುಸಂಖ್ಯಾತರಾಗಿದ್ದ ಕನ್ನಡಿಗರ ಭಾಷೆಯು ಹೆಸರಿನಿಂದಲೇ ಹೊರಬಿದ್ದಿತು. ಆಶ್ಚರ್ಯವೆಂದರೆ, ರೇಲ್ವೆ ಕಂಪನಿಯು ಹುಟ್ಟಿದ ಆ 1882ರಲ್ಲಿಯೇ ಜೆ. ಎಫ್. ಫ್ಲೀಟರು ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳ ರಾಜವಂಶಗಳನ್ನು ಕುರಿತ ತಮ್ಮ ಗ್ರಂಥವನ್ನು ಪ್ರಕಟಿಸಿದರು. ಅದರ ಶೀರ್ಷಿಕೆಯಲ್ಲಿ ಅವರು ಆರಿಸಿಕೊಂಡ ವಿಶೇಷಣ ‘ಕೆನರೀಸ್’. ಒಂದೇ ನೆಲ, ಒಂದೇ ವರ್ಷ, ಎರಡು ವಿಶೇಷಣ: ಒಂದು ಆಡಳಿತದ ಕಡತದಿಂದ ಬಂದದ್ದು, ಇನ್ನೊಂದು ಶಾಸನಗಳ ಓದಿನಿಂದ ಬಂದದ್ದು. ಫ್ಲೀಟರ ಪದವೂ ಹೊರಗಿನವರ ಉಚ್ಚಾರಣೆಯದೇ. 1894ರಲ್ಲಿ ಕಿಟೆಲರ ನಿಘಂಟು ‘ಕನ್ನಡ’ ಎಂಬ ರೂಪವನ್ನೇ ಶೀರ್ಷಿಕೆಗೆ ತಂದಿತು.

ಹೆಸರಿನ ವಿಶೇಷಣವು ನಿರುಪದ್ರವಿಯಾಗಿದ್ದರೆ ಅದನ್ನು ಬದಲಾಯಿಸುವ ಶ್ರಮವನ್ನು ಯಾರೂ ತೆಗೆದುಕೊಳ್ಳುತ್ತಿರಲಿಲ್ಲ. 1956ರ ಏಕೀಕರಣದ ನಂತರವೂ ‘ಮುಂಬಯಿ’, ‘ಹೈದರಾಬಾದ್’ ಎಂಬ ವಿಶೇಷಣಗಳು ಕರ್ನಾಟಕದ ಹಿಂದೆ ಉಳಿದುಕೊಂಡಿದ್ದವು. 2019ರಲ್ಲಿ ಕಲ್ಯಾಣ ಕರ್ನಾಟಕವೆಂದೂ 2021ರಲ್ಲಿ ಕಿತ್ತೂರು ಕರ್ನಾಟಕವೆಂದೂ ಸರಕಾರವು ಹೆಸರನ್ನು ಬದಲಾಯಿಸಿತು. ನಾಮಪದವು ಹಾಗೆಯೇ ಉಳಿದು ವಿಶೇಷಣವಷ್ಟೇ ಬದಲಾದದ್ದನ್ನು ಗಮನಿಸಬೇಕು.

3

ಇನ್ನು ಕೃದಂತ ವಿಶೇಷಣದ ಮಾತು. ರಾಬರ್ಟ್ ಸಿವೆಲ್ಲರ ವಿಜಯನಗರದ ಇತಿಹಾಸವು 1900ರಲ್ಲಿ ‘ಎ ಫರ್ಗಾಟನ್ ಎಂಪಾಯರ್’ ಎಂಬ ಹೆಸರಿನಿಂದ ಹೊರಬಂದಿತು. ಪಾಯೆಸ್ ಮತ್ತು ನೂನಿಜ್ ಎಂಬ ಪೋರ್ತುಗೀಜರ ವೃತ್ತಾಂತಗಳನ್ನು ಆಂಗ್ಲ ವಾಚಕರಿಗೆ ದೊರಕಿಸಿಕೊಟ್ಟ ಈ ಗ್ರಂಥದ ಉಪಕಾರವು ದೊಡ್ಡದು. ಆದರೆ ಅದರ ಶೀರ್ಷಿಕೆಯ ವಿಶೇಷಣವು ಒಂದು ಪ್ರಶ್ನೆಯನ್ನು ಮುಚ್ಚಿಡುತ್ತದೆ. ‘ಫರ್ಗಾಟನ್’ ಎಂಬುದು ಕರ್ಮಣಿ ರೂಪ. ಮರೆತ ಕರ್ತೃವನ್ನು ಹೇಳದೆ ಮರೆವನ್ನು ಮಾತ್ರ ಹೇಳುತ್ತದೆ. ಮರೆತವರು ಯಾರು? ಹಂಪಿಯ ವಿರೂಪಾಕ್ಷನ ಪೂಜೆ ನಿಂತಿರಲಿಲ್ಲ. ಆಂಗ್ಲರಲ್ಲಿಯೂ ಕಾಲಿನ್ ಮೆಕೆಂಜಿಯು ಹದಿನೆಂಟನೆಯ ಶತಮಾನದ ಕೊನೆಯಲ್ಲಿಯೇ ಹಂಪಿಯ ಅವಶೇಷಗಳನ್ನು ಮೋಜಣಿ ಮಾಡಿದ್ದನು. 1856ರಲ್ಲಿ ಗ್ರೀನ್‌ಲಾ ಎಂಬವನು ಅವುಗಳ ಛಾಯಾಚಿತ್ರಗಳನ್ನು ತೆಗೆದಿದ್ದನು. ಆದ್ದರಿಂದ ಮರೆತವರು ಸಿವೆಲ್ಲರ ಕಣ್ಮುಂದಿದ್ದ ಸಾಮಾನ್ಯ ಆಂಗ್ಲ ವಾಚಕರು. ಅವರ ಮಟ್ಟಿಗೆ ವಿಶೇಷಣವು ಸರಿ. ನಾವು ಅದನ್ನು ಹಾಗೆಯೇ ಎತ್ತಿಕೊಂಡು ನಮ್ಮ ತರಗತಿಯಲ್ಲಿ ಹೇಳಿದರೆ, ಮರೆವಿನ ಆರೋಪವು ತುಂಗಭದ್ರೆಯ ದಂಡೆಯ ಜನರ ಮೇಲೆ ಬೀಳುತ್ತದೆ.

ಇದಕ್ಕೆ ಸರಿಜೋಡಿಯಾಗಿ ಆಲೂರ ವೆಂಕಟರಾಯರ 1917ರ ‘ಕರ್ನಾಟಕ ಗತವೈಭವ’ವನ್ನು ಇಟ್ಟು ನೋಡಬಹುದು. ‘ಗತ’ ಎಂಬುದೂ ಕೃದಂತವೇ. ಆದರೆ ಅದು ಕಾಲವು ಕಳೆಯಿತೆಂದು ಹೇಳುತ್ತದೆಯೇ ಹೊರತು ಜನರು ಮರೆತರೆಂದು ಹೇಳುವುದಿಲ್ಲ. ಕಳೆದದ್ದನ್ನು ನೆನೆಯಬಹುದು, ಮತ್ತೆ ಗಳಿಸಲೂಬಹುದು. ಸಿವೆಲ್ಲರ ವಿಶೇಷಣವು ಓದುಗನ ಕುತೂಹಲವನ್ನು ಕೆರಳಿಸಿದರೆ ಆಲೂರರದು ಅವನಿಗೆ ಹೊಣೆಯನ್ನು ಹೊರಿಸುತ್ತದೆ. ವಿಮರ್ಶಕನು ಎರಡನ್ನೂ ಪರೀಕ್ಷಿಸಬೇಕು. ‘ವೈಭವ’ವೂ ಒಂದು ತೀರ್ಪೇ ಎಂಬುದನ್ನು ಸ್ವಾಭಿಮಾನದ ಭರದಲ್ಲಿ ಬಿಟ್ಟುಬಿಡಕೂಡದು.

4

ಜನರಿಗೆ ಹಚ್ಚಿದ ವಿಶೇಷಣಗಳ ಪರಿಣಾಮವು ಇನ್ನೂ ತೀವ್ರವಾದದ್ದು. 1884ರ ಧಾರವಾಡ ಜಿಲ್ಲಾ ಗ್ಯಾಸೆಟಿಯರು ಮಳೆ, ಬೆಳೆ, ಕಂದಾಯಗಳಿಗೆ ಅಂಕಿಗಳನ್ನು ಕೊಡುವ ಗ್ರಂಥ. ಆದರೆ ಈ ಮಾಲೆಯ ಸಂಪುಟಗಳು ಜಾತಿಗಳನ್ನು ವರ್ಣಿಸುವಾಗ ಶ್ರಮಜೀವಿಗಳು, ಮಿತವ್ಯಯಿಗಳು, ಅತಿಥಿಪ್ರಿಯರು, ಕೊಳಕರು ಎಂಬ ಬಗೆಯ ಗುಣವಾಚಕಗಳನ್ನು ಸಾಲಾಗಿ ಜೋಡಿಸುತ್ತವೆ. ಮಳೆಯನ್ನು ಅಳೆದವರು ಯಾರೆಂದು ತಿಳಿಯುತ್ತದೆ. ಮಿತವ್ಯಯವನ್ನು ಅಳೆದವರು ಯಾರೆಂದು ತಿಳಿಯುವುದಿಲ್ಲ. ಒಂದೇ ಹೊದಿಕೆಯೊಳಗೆ ಇರುವುದರಿಂದ ಎರಡೂ ಸಮನಾದ ಪ್ರಮಾಣವೆಂಬ ಭ್ರಮೆ ಉಂಟಾಗುತ್ತದೆ.

ಗುಣವಾಚಕವು ಕಾನೂನೇ ಆದ ಪ್ರಸಂಗವೂ ಉಂಟು. 1871ರ ‘ಕ್ರಿಮಿನಲ್ ಟ್ರೈಬ್ಸ್’ ಕಾಯಿದೆಯು ಮೊದಲು ಉತ್ತರ ಹಿಂದುಸ್ಥಾನದಲ್ಲಿ ಜಾರಿಗೆ ಬಂದು, 1911ರ ಕಾಯಿದೆಯ ಮೂಲಕ ಮುಂಬಯಿ ಮೊದಲಾದ ಇಲಾಖೆಗಳಿಗೂ ಹಬ್ಬಿತು. ‘ಕ್ರಿಮಿನಲ್’ ಎಂಬುದು ವ್ಯಕ್ತಿಯೊಬ್ಬನ ಕೃತ್ಯವನ್ನು ಕುರಿತ ಪದ. ಸಾಕ್ಷಿ ಬೇಡುವ ಪದ. ಅದು ‘ಟ್ರೈಬ್’ ಎಂಬ ನಾಮಪದಕ್ಕೆ ಅಂಟಿದೊಡನೆ ವರ್ಗ ನಿರ್ದೇಶಕವಾಯಿತು. ಸಾಕ್ಷಿಯ ಅಗತ್ಯವೇ ಉಳಿಯಲಿಲ್ಲ. ಆ ಕುಲದಲ್ಲಿ ಹುಟ್ಟಿದ ಕೂಸಿಗೂ ಅದೇ ವಿಶೇಷಣ. ಹುಬ್ಬಳ್ಳಿಯಲ್ಲಿಯೂ ವಿಜಾಪುರದಲ್ಲಿಯೂ ಇಂಥವರನ್ನಿರಿಸಲು ಸೆಟ್ಲಮೆಂಟುಗಳು ಏರ್ಪಟ್ಟವು. 1952ರಲ್ಲಿ ಕಾಯಿದೆಯು ರದ್ದಾದ ಮೇಲೆ ಈ ಜನರು ‘ವಿಮುಕ್ತ’ರೆನಿಸಿದರು. ಇದೂ ಕೃದಂತ ವಿಶೇಷಣವೇ. ಯಾವುದರಿಂದ ವಿಮುಕ್ತರು ಎಂದು ಕೇಳಿದರೆ ಹಳೆಯ ವಿಶೇಷಣವು ಮತ್ತೆ ನಾಲಗೆಗೆ ಬರುತ್ತದೆ. ಕಾನೂನು ಹೋದರೂ ಗುಣವಾಚಕವು ಬೇಗನೆ ಹೋಗದು.

5

ಹಾಗಾದರೆ ಆಂಗ್ಲ ಗ್ರಂಥಗಳನ್ನು ಬಿಡಬೇಕೆಂದು ಹೇಳುವುದೇ? ಅದು ಅವಿವೇಕ. 1857ರಲ್ಲಿ ಸರಕಾರದ ದೃಷ್ಟಿಯಲ್ಲಿ ದಂಗೆಕೋರರಾಗಿದ್ದ ಹಲಗಲಿಯ ಬೇಡರ ಲಾವಣಿಯನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವರೂ ಅದೇ ಸರಕಾರದ ಅಧಿಕಾರಿಯಾಗಿದ್ದ ಫ್ಲೀಟರೇ. ಆಡಳಿತವು ಒಂದು ವಿಶೇಷಣವನ್ನು ಕೊಟ್ಟಿತು, ಲಾವಣಿಕಾರನು ಇನ್ನೊಂದನ್ನು ಕೊಟ್ಟನು. ಎರಡನ್ನೂ ಎದುರಿಗಿಟ್ಟುಕೊಂಡು ತೂಗುವ ಅವಕಾಶವು ಆಂಗ್ಲ ಪತ್ರಿಕೆಯಿಂದಲೇ ನಮಗೆ ದೊರೆಯಿತು.

ಬೇಕಾದದ್ದು ಒಂದು ಅಭ್ಯಾಸ. ಆಂಗ್ಲ ವಾಕ್ಯದಲ್ಲಿ ನಾಮಪದದ ಮುಂದಿರುವ ಗುಣವಾಚಕವನ್ನು ವಿದ್ಯಾರ್ಥಿಯು ಹಿಂದಕ್ಕೆ ತಂದು ವಿಧೇಯವನ್ನಾಗಿ ಮಾಡಿ ನೋಡಲಿ. ‘ದಂಗೆಕೋರ ಬೇಡರು ಓಡಿಹೋದರು’ ಎಂಬಲ್ಲಿ ನಮ್ಮ ಲಕ್ಷ್ಯವೆಲ್ಲ ಓಡಿಹೋದದ್ದರ ಮೇಲೆ. ದಂಗೆಕೋರತನವು ಸದ್ದಿಲ್ಲದೆ ಒಪ್ಪಿತವಾಗಿಬಿಡುತ್ತದೆ. ‘ಬೇಡರು ದಂಗೆಕೋರರಾಗಿದ್ದರು’ ಎಂದು ಬರೆದೊಡನೆ, ಯಾರ ವಿರುದ್ಧ, ಯಾವ ಕಾರಣದಿಂದ, ಯಾರ ಹೇಳಿಕೆಯ ಮೇರೆಗೆ ಎಂಬ ಪ್ರಶ್ನೆಗಳು ಏಳುತ್ತವೆ. ಆಯುಧಗಳನ್ನು ಒಪ್ಪಿಸಬೇಕೆಂಬ ಆಜ್ಞೆಯ ಸಂಗತಿಯು ಆಗ ಹೊರಗೆ ಬರುತ್ತದೆ. ಕನ್ನಡವು ವಿಧೇಯದಲ್ಲಿ ಗುಣದ ರೂಪವನ್ನೇ ಬದಲಾಯಿಸುವ ಭಾಷೆಯಾದ್ದರಿಂದ ಈ ಪರೀಕ್ಷೆಯು ನಮ್ಮ ಮಕ್ಕಳಿಗೆ ಸುಲಭವಾಗಿಯೇ ಸಾಧ್ಯ.

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ಹಳ್ಳಿಗಳಿಂದ ಕಾಲೇಜಿಗೆ ಬರುವ ಹುಡುಗ ಹುಡುಗಿಯರು ಆಂಗ್ಲವೆಂದರೆ ಅಳುಕುತ್ತಾರೆ. ಅಳುಕಿನಿಂದಲೇ ಅಲ್ಲಿ ಬರೆದದ್ದನ್ನೆಲ್ಲ ನಂಬುತ್ತಾರೆ. ಗುಣವಾಚಕವನ್ನು ಪಟ್ಟಿಯಾಗಿ ಕಲಿಸುವ ಬದಲು ತೀರ್ಪಾಗಿ ಕಲಿಸಿದರೆ ಭಾಷೆಯೂ ಬಂದೀತು, ಇತಿಹಾಸವೂ ತಿಳಿದೀತು. ಈ ಕೆಲಸವನ್ನು ಆಂಗ್ಲದ ಅಧ್ಯಾಪಕರು, ಇತಿಹಾಸದ ಅಧ್ಯಾಪಕರು ಕೂಡಿಯೇ ಮಾಡಬೇಕು.