ಉಪ್ಪಿಲ್ಲದ ಕಡಲಪಾಠ

ನಮ್ಮ ರಾಜ್ಯದ ಎಂಟನೇ ತರಗತಿಯ ಭೂಗೋಳದಲ್ಲಿ ಜಲಗೋಳ ಎಂಬ ಅಧ್ಯಾಯವಿದೆ. ಖಂಡಾವರಣ ಪ್ರದೇಶ, ಅದರ ಇಳಿಜಾರು, ಸಾಗರ ಮೈದಾನ, ತಗ್ಗು ಎಂದು ಮಕ್ಕಳನ್ನು ದಡದಿಂದ ಆಳಕ್ಕೆ ಹಂತಹಂತವಾಗಿ ಇಳಿಸುವ ಅದರ ಕ್ರಮ ಚೆನ್ನಾಗಿಯೇ ಇದೆ. ಆಮೇಲೆ ಬರುತ್ತವೆ ಪ್ರವಾಹಗಳು. ಉಷ್ಣೋದಕ, ಶೀತೋದಕ; ಗಲ್ಫ್, ಲ್ಯಾಬ್ರಡಾರ್, ಕುರೋಶಿಯೊ. ನಕ್ಷೆಯಲ್ಲಿ ಬಿಸಿನೀರಿಗೊಂದು ಬಣ್ಣದ ಬಾಣ, ತಣ್ಣೀರಿಗೊಂದು. ಪರೀಕ್ಷೆಗೆ ಇಷ್ಟು ಸಾಕು.

ನನ್ನ ತಕರಾರು ಶುರುವಾಗುವುದು ಇಲ್ಲಿಂದ. ಕುರೋಶಿಯೊ ಹರಿಯುವುದು ಜಪಾನಿನ ಪಕ್ಕದಲ್ಲಿ ಎಂದು ಥಟ್ಟನೆ ಹೇಳಬಲ್ಲ ಹುಡುಗಿಗೆ, ಮೊಣಕಾಲುದ್ದದ ನೀರಿನಲ್ಲಿ ನಿಂತಾಗ ತನ್ನನ್ನು ಎಳೆಯುವ ಸೆಳೆತ ಎಂಥದ್ದೆಂದು ಯಾರೂ ಹೇಳಿಕೊಟ್ಟಿರುವುದಿಲ್ಲ. 2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದಲ್ಲಿ ನೀರುಪಾಲಾದರು. ಆಗ ಚರ್ಚೆಯೆಲ್ಲ ಜೀವರಕ್ಷಕರು, ಶಿಕ್ಷಕರ ಹೊಣೆ, ಪರಿಹಾರ ಇವುಗಳ ಸುತ್ತ ನಡೆಯಿತು. ನಡೆಯಬೇಕಾದದ್ದೇ. ಪಠ್ಯಪುಸ್ತಕದ ಕಡೆಗೆ ಮಾತ್ರ ಯಾರೂ ಬೆರಳು ತೋರಿಸಿದಂತೆ ಕಾಣಲಿಲ್ಲ.

ಆ ದಿನದ ಕಾರಣ ಏನೇ ಇರಲಿ, ದಡದ ಸೆಳೆತ ಪಾಠವಾಗಲಾರದಷ್ಟು ಕಷ್ಟದ ವಿಷಯವಲ್ಲ. ಅಲೆಗಳು ದಡಕ್ಕೆ ತಂದು ಸುರಿದ ನೀರು ವಾಪಸು ಹೋಗಲೇಬೇಕು. ನೀರಿನಡಿಯ ಮರಳದಿಬ್ಬಗಳ ನಡುವೆ ತಗ್ಗು ಸಿಕ್ಕರೆ ಅಲ್ಲಿಂದಲೇ ಒಂದು ಕಿರಿದಾದ ತೊರೆಯಾಗಿ ಕಡಲಿಗೆ ನುಗ್ಗುತ್ತದೆ. ಮೋಸವಿರುವುದು ನೋಟದಲ್ಲಿ: ಎಡಬಲದಲ್ಲಿ ಅಲೆ ಒಡೆದು ನೊರೆ, ನಡುವೆ ನೊರೆಯೇ ಇಲ್ಲದ ಸಪಾಟು ಪಟ್ಟಿ. ಕಡಲು ಕಾಣದ ಊರಿಂದ ಬಂದವರಿಗೆ ಅದೇ ಸುರಕ್ಷಿತವೆನಿಸಿ ಅಲ್ಲೇ ಇಳಿಯುತ್ತಾರೆ. ಸಿಕ್ಕಿಬಿದ್ದ ಮೇಲೆ ನೇರ ದಡಕ್ಕೇ ಈಜಲು ಹೋಗಿ ದಣಿಯುತ್ತಾರೆ. ಪಕ್ಕಕ್ಕೆ, ದಡದ ಗುಂಟ ಈಜಿದರೆ ಆ ಪಟ್ಟಿಯಿಂದ ಹೊರಬರುವ ಸಾಧ್ಯತೆ ಹೆಚ್ಚು. ಒಂದು ಚಿತ್ರ, ಅರ್ಧ ಪುಟ ಬರಹ. ಲ್ಯಾಬ್ರಡಾರ್‌ಗೆ ಕೊಟ್ಟ ಜಾಗದಲ್ಲೇ ಹಿಡಿಯುತ್ತದೆ.

ಹಾಗಂತ ದೂರದ್ದೆಲ್ಲ ವ್ಯರ್ಥ, ಮನೆ ಮುಂದಿನದು ಮಾತ್ರ ವಿದ್ಯೆ ಎನ್ನುವ ಪಕ್ಷ ನನ್ನದಲ್ಲ. ನಮ್ಮಲ್ಲಿ ಗಾಳಿಯೇ ಇಲ್ಲದ ದಿನವೂ ದೊಡ್ಡ ಅಲೆಗಳು ಬಂದು ಬಡಿಯುವುದುಂಟು. ಅವುಗಳನ್ನು ಎಬ್ಬಿಸಿದ ಬಿರುಗಾಳಿ ಅಂಟಾರ್ಕ್ಟಿಕಾದ ಕಡೆಯ ದಕ್ಷಿಣ ಸಾಗರದಲ್ಲಿ ಬೀಸಿರುತ್ತದೆ. ದೂರದ್ದು ಬೇಕು, ಆದರೆ ಅದು ಇಲ್ಲಿಗೆ ಬಂದು ಮುಟ್ಟುವ ದಾರಿಯೂ ಕಾಣಬೇಕು. ನಮ್ಮ ಪುಸ್ತಕಗಳು ಕಡಿದುಹಾಕುವುದು ಆ ದಾರಿಯನ್ನೇ. ಗಾಳಿ ವಾಯುಗೋಳಕ್ಕೆ, ಪ್ರವಾಹ ಜಲಗೋಳಕ್ಕೆ, ಮೀನು ವಿಜ್ಞಾನದ ಪುಸ್ತಕಕ್ಕೆ.

ಕರಾವಳಿಯಲ್ಲಿ ಶಾಲೆ ತೆರೆಯುವ ಹೊತ್ತಿಗೆ ಕಡಲು ಮುಚ್ಚುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳಿಗೆ ನಿಷೇಧ. ಬಂದರಿನಲ್ಲಿ ಬೋಟುಗಳು ಸಾಲುಗಟ್ಟಿ ನಿಂತಿರುತ್ತವೆ. ಇದೇ ತಿಂಗಳುಗಳಲ್ಲಿ ಮುಂಗಾರಿನ ಗಾಳಿಯೂ ಭೂಮಿಯ ತಿರುಗುವಿಕೆಯೂ ಸೇರಿ ಕರಾವಳಿಯ ಮೇಲ್ನೀರನ್ನು ದಡದಿಂದಾಚೆ ತಳ್ಳುತ್ತವೆ. ಆ ಜಾಗ ತುಂಬಲು ಕೆಳಗಿನ ತಣ್ಣನೆಯ, ಸತ್ವ ತುಂಬಿದ ನೀರು ಮೇಲೇಳುತ್ತದೆ. ಬಿಸಿಲು ತಾಗಿದ ಆ ನೀರಿನಲ್ಲಿ ಕಣ್ಣಿಗೆ ಕಾಣದ ಸಸ್ಯಪ್ಲವಕಗಳು ಹುಲುಸಾಗುತ್ತವೆ. ಬೂತಾಯಿಯ ಮೇವು ಅದೇ. ತಟ್ಟೆಯ ಮೀನು, ಕೊಡೆ ಮಗುಚುವ ಗಾಳಿ, ನಿಂತ ಬೋಟು ಮೂರೂ ಒಂದೇ ಕತೆ. ಮೀನುಗಾರರ ಮನೆಯ ಮಗುವಿಗೆ ಇದರ ಅರ್ಧ ಭಾಗ ಮನೆಯಲ್ಲೇ ಗೊತ್ತಾಗಿರುತ್ತದೆ. ಉಳಿದರ್ಧ ಹೇಳಬೇಕಾದ ಶಾಲೆಯಲ್ಲಿ ಬೂತಾಯಿ ಮೂರು ಅಧ್ಯಾಯಗಳ ಸಂದಿನಲ್ಲಿ ಜಾರಿಹೋಗುತ್ತದೆ.

ಹವಾಮಾನದ ಪಾಠದ್ದು ಇನ್ನೊಂದು ತಮಾಷೆ. ಮಕ್ಕಳ ಮಟ್ಟಿಗೆ ರೆಡ್ ಅಲರ್ಟ್ ಎಂದರೆ ರಜೆ, ಆರೆಂಜ್ ಎಂದರೆ ಆಸೆ. ಜಿಲ್ಲಾಧಿಕಾರಿಗಳ ಆದೇಶ ವಾಟ್ಸಾಪಿಗೆ ಬಂತೋ ಇಲ್ಲವೋ ಎಂಬುದಷ್ಟೇ ಅವರ ಹವಾಮಾನ ಶಾಸ್ತ್ರ. 24 ಗಂಟೆಗಳಲ್ಲಿ 204.4 ಮಿಲಿಮೀಟರ್ ದಾಟಿದರೆ ಹವಾಮಾನ ಇಲಾಖೆ ಅದನ್ನು ಅತ್ಯಂತ ಭಾರಿ ಮಳೆ ಎನ್ನುತ್ತದೆ. ಈ ಸಂಖ್ಯೆಯಲ್ಲೇ ಒಂದು ಒಳ್ಳೆಯ ಲೆಕ್ಕವಿದೆ: ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್. 100 ಚದರ ಮೀಟರಿನ ಶಾಲೆಯ ಮಾಡಿಗೆ ಅಂಥ ಒಂದು ದಿನ ಬೀಳುವುದು 20 ಸಾವಿರ ಲೀಟರಿಗೂ ಹೆಚ್ಚು ನೀರು. ಅಂಗಳದಲ್ಲೊಂದು ನೇರ ಗೋಡೆಯ ಡಬ್ಬಿ, ಒಂದು ಅಳತೆಪಟ್ಟಿ ಇದ್ದರೆ ಮಳೆಗಾಲ ಪೂರ್ತಿ ನಡೆಯುವ ಪಾಠವಿದು.

ತರಗತಿಯ ಹೊರಗೆ ನಡೆಯುವುದೆಲ್ಲ ಒಳ್ಳೆಯದೆಂದೂ ಅಲ್ಲ. ಸೆಪ್ಟೆಂಬರಿನ ಬೀಚ್ ಸ್ವಚ್ಛತಾ ದಿನ ಕೈಗವಸು ತೊಟ್ಟ ಮಕ್ಕಳು ಪ್ಲಾಸ್ಟಿಕ್ ಹೆಕ್ಕಿ, ಬ್ಯಾನರ್ ಹಿಡಿದು ಫೋಟೊಕ್ಕೆ ನಿಂತು ಮರಳುತ್ತಾರೆ. ಶ್ರಮ ದೊಡ್ಡದು, ಕಲಿತದ್ದು ಕಸದ ಬಗ್ಗೆ. ಕಾಲಿನ ಪಕ್ಕದ ಆ ಪುಟ್ಟ ಬಿಲ ಯಾವ ಏಡಿಯದು ಎಂದು ಕೇಳುವಷ್ಟು ಬಿಡುವೂ ಇರುವುದಿಲ್ಲ.

ಮಾದರಿ ಬೇಕಿದ್ದರೆ ಕುಮಟಾದ ಬಳಿ ಅಘನಾಶಿನಿಯ ಅಳಿವೆಗೆ ಹೋಗಬೇಕು. 2024ರಲ್ಲಿ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಜಾಗವದು. ನೀರಿಳಿದಾಗ ಜನ ಬಳಚು ಎಂಬ ಚಿಪ್ಪುಜೀವಿ ಹೆಕ್ಕಲು ಇಳಿಯುತ್ತಾರೆ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಹೆಚ್ಚು ದೂರ ಸರಿಯುತ್ತದೆ. ಪುಸ್ತಕದಲ್ಲಿ ಸೂರ್ಯ, ಚಂದ್ರ, ಭೂಮಿ ಒಂದೇ ಗೆರೆಯಲ್ಲಿರುವ ಚಿತ್ರವಾಗಿ ಒಣಗಿ ಕೂತ ವಿಷಯ ಇಲ್ಲಿ ದುಡಿಮೆಯ ವೇಳಾಪಟ್ಟಿ. ಪಕ್ಕದ ಗಜನಿ ಗದ್ದೆಗಳಲ್ಲಿ ಮಳೆನೀರು ಉಪ್ಪು ತೊಳೆದ ಮೇಲೆ ಕಗ್ಗ ಭತ್ತ ಬೆಳೆಯುತ್ತದೆ, ಕೊಯ್ಲಾದ ಮೇಲೆ ಉಪ್ಪುನೀರು ಬಿಟ್ಟರೆ ಸಿಗಡಿ. ಕಡಲು, ಜೀವ, ಮಳೆ ಬೇರೆಬೇರೆ ಅಧ್ಯಾಯಗಳೆಂದು ಈ ಗದ್ದೆಗೆ ಇನ್ನೂ ಯಾರೂ ಹೇಳಿಲ್ಲ.

ಅಘನಾಶಿನಿ ಇಲ್ಲದ ಊರುಗಳೇ ರಾಜ್ಯದಲ್ಲಿ ಹೆಚ್ಚು ಎಂಬ ಆಕ್ಷೇಪ ಸರಿಯೇ. ಬೀದರಿನ ಮಗುವಿಗೆ ಕಡಲು ಮಳೆಯಾಗಿಯೇ ಪರಿಚಯ, ಬಂಗಾಳಕೊಲ್ಲಿಯ ವಾಯುಭಾರ ಕುಸಿತದಿಂದಲೇ ಅಲ್ಲಿ ಪಾಠ ಆರಂಭಿಸಬಹುದು. ಆದರೆ ಅದೇ ಮಗು ಒಂದು ದಿನ ಬಸ್ಸು ಹತ್ತಿ ಗೋಕರ್ಣಕ್ಕೋ ಮಲ್ಪೆಗೋ ಬರುತ್ತದೆ. ಪ್ರವಾಸವನ್ನೇ ನಿಲ್ಲಿಸಿ ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ; ಕಡಲನ್ನು ಒಮ್ಮೆಯೂ ನೋಡದೆ ಜಲಗೋಳ ಓದಿ ಮುಗಿಸುವುದು ಇನ್ನೂ ಬಡ ಶಿಕ್ಷಣ. ಹೊರಡುವ ಮುಂಚೆ ಪಾಲಕರ ಸಹಿ ಪಡೆಯುತ್ತೇವೆ, ಹಣ ಕಟ್ಟಿಸಿಕೊಳ್ಳುತ್ತೇವೆ, ಊಟತಿಂಡಿಯ ಪಟ್ಟಿ ಬರೆಸುತ್ತೇವೆ. ಆ ನೊರೆಯಿಲ್ಲದ ಪಟ್ಟಿಯನ್ನು ಕಪ್ಪುಹಲಗೆಯ ಮೇಲೆ ಬರೆದು ತೋರಿಸಲು ಒಂದು ಪೀರಿಯಡ್ ಸಾಲದೇ?