ಬೇಸಿಗೆಯಲ್ಲೇ ಸೋತುಬಿಡುವ ಚಳಿಗಾಲದ ಪಟ್ಟಿ

ಬ್ಯಾಂಡ್ ಏಡ್ ಎಂಬ ಅಂಟುಪಟ್ಟಿಯನ್ನು 1920ರಲ್ಲಿ ಮೊದಲು ಮಾಡಿದ ಅರ್ಲ್ ಡಿಕ್ಸನ್ ವೈದ್ಯನೇನಲ್ಲ, ಅಮೆರಿಕದ ಜಾನ್ಸನ್ ಅಂಡ್ ಜಾನ್ಸನ್ ಕಂಪನಿಗೆ ಹತ್ತಿ ಖರೀದಿ ಮಾಡುತ್ತಿದ್ದ ನೌಕರ. ಅಡುಗೆಮನೆಯಲ್ಲಿ ಪದೇ ಪದೇ ಬೆರಳು ಕೊಯ್ದುಕೊಳ್ಳುತ್ತಿದ್ದ ಹೆಂಡತಿ ಜೋಸೆಫಿನ್ ಒಬ್ಬಳೇ ಇದ್ದಾಗಲೂ ಕಟ್ಟಿಕೊಳ್ಳಲಿ ಎಂದು ಅಂಟುಟೇಪಿನ ನಡುವೆ ಗಾಝ್ ಬಟ್ಟೆಯ ತುಂಡು ಕೂರಿಸಿಟ್ಟ. ಮರುವರ್ಷ ಅದು ಅಂಗಡಿಗೆ ಬಂತು. ಹತ್ತಿ ಖರೀದಿದಾರನ ಮನೆಯಲ್ಲಿ ಹುಟ್ಟಿದ ಆ ಪಟ್ಟಿ ನೂರು ವರ್ಷದ ಮೇಲೆ ಹತ್ತಿ ವ್ಯಾಪಾರದ ಊರಾದ ಆದವಾನಿಯಲ್ಲಿ ಎಷ್ಟು ಕೆಲಸಕ್ಕೆ ಬರುತ್ತದೆ ಎಂದು ಪರೀಕ್ಷೆಗಿಟ್ಟರೆ, ಚಳಿಗಾಲದಲ್ಲಿ ಅದು ಪಾಸಾಗುವುದು ಕಷ್ಟ.

ಆದವಾನಿಯಲ್ಲಿ ಚಳಿಯೇ ಎಂದು ಮಡಿಕೇರಿಯವರು ನಕ್ಕಾರು. ಕರ್ನೂಲು ಜಿಲ್ಲೆಯ ಪಶ್ಚಿಮದ ತುದಿಯಲ್ಲಿ, ಆದವಾನಿ, ಆಲೂರು, ಹೊಳಗುಂದ, ಕೋಸಗಿಯ ಕಡೆ ಡಿಸೆಂಬರ್ ರಾತ್ರಿಯ ಉಷ್ಣಾಂಶ ಸುಮಾರು 16-17 ಡಿಗ್ರಿಗೆ ಇಳಿದರೆ ಜನ ಕಂಬಳಿ ಹೊದ್ದು ಬೆಂಕಿ ಕಾಯಿಸುತ್ತಾರೆ. ಹಿಮವಿಲ್ಲ, ಹೆಪ್ಪುಗಟ್ಟುವ ನೀರಿಲ್ಲ. ಇರುವುದು ಒಣ ಗಾಳಿ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯಕ್ಕೆ ಸೇರುವವರೆಗೆ ಆದವಾನಿ, ಆಲೂರು ತಾಲೂಕುಗಳು ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. ಇಂದಿಗೂ ಇಲ್ಲಿನ ಎಷ್ಟೋ ಹೊಲಗಳಲ್ಲಿ ಹತ್ತಿ ‘ಬಿಡಿಸುವುದು’ ಕನ್ನಡದಲ್ಲೇ ನಡೆಯುತ್ತದೆ. ಆ ಕೆಲಸದ ಹಂಗಾಮು ಬರುವುದು ಸರಿಯಾಗಿ ಚಳಿಗಾಲದಲ್ಲಿ. ಒಣಗಿದ ಹತ್ತಿಕಾಯಿಯ ಸಿಪ್ಪೆಯ ತುದಿ ಮುಳ್ಳಿನಂತೆ ಮೊನಚು. ಉಗುರಿನ ಸಂದು ಒಡೆಯುತ್ತದೆ, ಬೆರಳಿನ ತುದಿ ಸೀಳುತ್ತದೆ, ಕರಿಮಣ್ಣಿನಲ್ಲಿ ಬರಿಗಾಲಲ್ಲಿ ನಡೆದ ಹಿಮ್ಮಡಿ ರಕ್ತ ಬರುವಷ್ಟು ಬಿರಿಯುತ್ತದೆ. ಬೆಳಗಿನ ಇಬ್ಬನಿ ಗಿಡದ ಮೇಲಿರುವಾಗಲೇ ಕೂಲಿಯ ಹೆಂಗಸರು ಸಾಲು ಹಿಡಿದಿರುತ್ತಾರೆ.

ಅಲ್ಲಿ ಅಂಟುಪಟ್ಟಿ ಮಧ್ಯಾಹ್ನದವರೆಗೂ ನಿಲ್ಲುವುದಿಲ್ಲ. ಅದರ ಅಂಟು ಒತ್ತಿದಾಗ ಮೆತ್ತಗಾಗಿ ಚರ್ಮದ ಸಣ್ಣ ಗೆರೆಗಳೊಳಗೆ ಹರಿಯಬೇಕು, ಆಗಲೇ ಹಿಡಿತ. ತಣ್ಣಗಿದ್ದಾಗ ಅದು ಬಿಗಿಯುತ್ತದೆ, ಹರಿಯುವುದಿಲ್ಲ. ಚರ್ಮ ಒಣಗಿ ಹೊಟ್ಟೆದ್ದಿದ್ದರೆ ಅಂಟು ಹಿಡಿಯುವುದು ಆ ಹೊಟ್ಟನ್ನು. ಹೊಟ್ಟು ಉದುರಿದಾಗ ಪಟ್ಟಿಯೂ ಉದುರುತ್ತದೆ. ಬಿರುಕಿಗೆಂದು ರಾತ್ರಿ ಕೊಬ್ಬರಿ ಎಣ್ಣೆಯನ್ನೋ ವ್ಯಾಸಲೀನನ್ನೋ ಹಚ್ಚಿಕೊಂಡವರ ಕೈಗೆ ಅದು ಅಂಟುವುದೇ ಇಲ್ಲ. ಮೇಲೆ ಇಬ್ಬನಿಯ ಒದ್ದೆ. ಇದಕ್ಕೆ ಮದ್ದು ಸುಲಭವಾಗಿಯೇ ಇದೆ: ಎಣ್ಣೆ ಒರೆಸಿ, ಜಾಗ ಒಣಗಿಸಿ, ಪಟ್ಟಿಯನ್ನು ಅಂಗೈಯಲ್ಲಿ ಅರ್ಧ ನಿಮಿಷ ಬೆಚ್ಚಗೆ ಹಿಡಿದು, ಹಚ್ಚಿದ ಮೇಲೆ ಬೆರಳಿಂದ ಚೆನ್ನಾಗಿ ಒತ್ತಬೇಕು. ಪ್ಲಾಸ್ಟಿಕ್ ಪಟ್ಟಿಗಿಂತ ಬಟ್ಟೆಯ ಪಟ್ಟಿ ಬೆರಳಿನ ಗೆಣ್ಣಿನ ಜೊತೆ ಬಾಗುತ್ತದೆ, ಹೆಚ್ಚು ಹೊತ್ತು ನಿಲ್ಲುತ್ತದೆ.

ಆದರೆ ಈ ಸೀಮೆಯ ನಿಜವಾದ ತೊಂದರೆ ಚಳಿಯದಲ್ಲ, ಅದಕ್ಕೆ ಏಳು ತಿಂಗಳು ಮುಂಚಿನದು. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇಡೀ ವರ್ಷ ಒಂದೇ ಕಡೆ ಕೂತಿರುತ್ತದೆ: ಜಿನ್ನಿಂಗ್ ಫ್ಯಾಕ್ಟರಿಯ ತಗಡಿನ ಗೋಡೆಯಲ್ಲಿ, ಲಾರಿಯ ಕ್ಯಾಬಿನ್ನಿನಲ್ಲಿ, ಟ್ರ್ಯಾಕ್ಟರಿನ ಟೂಲ್ ಬಾಕ್ಸಿನಲ್ಲಿ. ಮೇ ತಿಂಗಳಲ್ಲಿ ಇಲ್ಲಿ ನೆರಳಲ್ಲೇ 40 ಡಿಗ್ರಿ ದಾಟುತ್ತದೆ. ಬಿಸಿಲಿಗೆ ನಿಂತ ಕ್ಯಾಬಿನ್ನಿನ ಒಳಗೆ ಇನ್ನೂ ಎಷ್ಟೋ ಹೆಚ್ಚು. ಆ ಕಾವಿಗೆ ಅಂಟು ಕರಗಿ ಅಂಚಿನಿಂದ ಹೊರಗೆ ಜಾರುತ್ತದೆ, ಕಾಗದದ ಹೊದಿಕೆಗೆ ಮೆತ್ತಿಕೊಳ್ಳುತ್ತದೆ. ರಬ್ಬರಿನ ಎಳೆಯಿರುವ ಪಟ್ಟಿಗಳು ಹಿಗ್ಗುವ ಗುಣ ಕಳೆದುಕೊಳ್ಳುತ್ತವೆ. ಡಿಸೆಂಬರಿನಲ್ಲಿ ತೆರೆದಾಗ ಕೈಗೆ ಬರುವುದು ಬೇಸಿಗೆಯಲ್ಲೇ ಸತ್ತ ಸಾಮಾನು. ಬಯ್ಯಿಸಿಕೊಳ್ಳುವುದು ಮಾತ್ರ ಚಳಿ.

1948ರ ಕಾರ್ಖಾನೆ ಕಾಯ್ದೆಯ 45ನೇ ಸೆಕ್ಷನ್ನು ಪ್ರತಿ 150 ಕಾರ್ಮಿಕರಿಗೆ ಒಂದಾದರೂ ಪೆಟ್ಟಿಗೆ ಇರಬೇಕು, ಕೆಲಸದ ಹೊತ್ತಿನಲ್ಲೆಲ್ಲ ಕೈಗೆ ಸಿಗುವಂತಿರಬೇಕು, ಅದನ್ನು ನೋಡಿಕೊಳ್ಳಲು ಜವಾಬ್ದಾರಿಯ ಒಬ್ಬ ವ್ಯಕ್ತಿ ಇರಬೇಕು ಎಂದು ವಿಧಿಸಿತು. ಒಳ್ಳೆಯ ಕಾನೂನು. ಆದರೆ ಎಣಿಕೆ ಸರಿಯಿದ್ದರೆ ತನಿಖೆ ಮುಗಿಯಿತು ಎಂಬ ಅಭ್ಯಾಸಕ್ಕೆ ಅದು ಜಾಗ ಬಿಟ್ಟಿತು. ಒಳಗಿನ ಪಟ್ಟಿ ಅಂಟುತ್ತದೆಯೇ ಎಂದು ಯಾರೂ ಎಳೆದು ನೋಡಬೇಕಾಗಿರಲಿಲ್ಲ. 170 ಕಿಲೋ ತೂಗುವ ಹತ್ತಿಯ ಬೇಲ್‌ಗೆ ಬಿಗಿಯುವ ಕಬ್ಬಿಣದ ಪಟ್ಟಿ ಹಾರಿ ಅಂಗೈ ಸೀಳಿದಾಗ ಬೆರಳುದ್ದದ ಪ್ಲಾಸ್ಟರಿನಿಂದ ಏನಾದೀತು ಎಂಬ ಪ್ರಶ್ನೆಯಂತೂ ದೂರವೇ ಉಳಿಯಿತು.

ಇನ್ನು ಚಳಿಗಾಲದ ಕಿಟ್ ಎಂದು ಬರುವ ಸಲಹೆಗಳು ಹೆಚ್ಚಾಗಿ ಹಿಮದ ನಾಡಿನವು. ಧಾರವಾಡ ಜಿಲ್ಲೆಯ ಯೋಧ ಹನುಮಂತಪ್ಪ ಕೊಪ್ಪದ್ 2016ರ ಫೆಬ್ರುವರಿಯಲ್ಲಿ ಹಿಮಕುಸಿತದಡಿ ಸಿಲುಕಿದ ಸಿಯಾಚಿನ್ನಿನಂಥ ಕಡೆಗೆ ಹೊಂದುವಂಥವು. ಹಿಮಗಡಿತದ ಬೆರಳಿಗೆ ಒಣ ಗಾಝ್ ಸಡಿಲವಾಗಿ ಸುತ್ತಬೇಕು, ಬೆರಳುಗಳ ನಡುವೆಯೂ ಇಡಬೇಕು, ಉಜ್ಜಬಾರದು. ನೀರಿನಂಶದ ಜೆಲ್ ಪಟ್ಟಿ ಹೆಪ್ಪುಗಟ್ಟುತ್ತದೆ, ಮೈಗೆ ಹತ್ತಿರ ಇಟ್ಟುಕೊಳ್ಳಬೇಕು. ಆದವಾನಿಗೆ ಇದರಲ್ಲಿ ಮುಕ್ಕಾಲು ಪಾಲು ಬೇಡ. ಬೇಕಾದದ್ದು ಒಂದುಂಟು: ತಣ್ಣನೆಯ ಕೈಗೆ ಕಟ್ಟಿದ ಪಟ್ಟಿ ಬಿಗಿಯಾಯಿತೇ ಎಂದು ತಿಳಿಯುವುದು ಹಿಮದಲ್ಲೂ ಇಲ್ಲೂ ಅಷ್ಟೇ ಕಷ್ಟ. ಉಗುರು ಒತ್ತಿ ಬಿಟ್ಟರೆ ಬಿಳಿಚಿದ ಬಣ್ಣ ಎರಡು ಸೆಕೆಂಡಿನಲ್ಲಿ ಕೆಂಪಿಗೆ ತಿರುಗಬೇಕು ಎಂಬುದು ನಿಯಮ. ಚಳಿಯಲ್ಲಿ ರಕ್ತನಾಳಗಳು ಕುಗ್ಗಿ ಅದು ತಾನಾಗಿಯೇ ನಿಧಾನವಾಗುತ್ತದೆ. ಹಾಗಾಗಿ ಇನ್ನೊಂದು ಕೈಯ ಅದೇ ಬೆರಳಿನ ಉಗುರನ್ನೂ ಒತ್ತಿ ಹೋಲಿಸಬೇಕು. ಅದು ಬೇಗ ಕೆಂಪಾಗಿ ಇದು ಆಗದಿದ್ದರೆ ಪಟ್ಟಿ ಬಿಗಿಯಾಗಿದೆ ಎಂದರ್ಥ.

ಈ ಕಾರಣಕ್ಕೇ ಕ್ರೇಪ್ ಬ್ಯಾಂಡೇಜನ್ನು ಕಣ್ಣುಮುಚ್ಚಿ ಹೊಗಳುವುದು ಕಷ್ಟ. ಉಳುಕಿದ ಕಾಲಿಗೆ ಅದು ಚೆನ್ನ. ಆದರೆ ಗಾಬರಿಯಲ್ಲಿ ಎಳೆದೆಳೆದು ಸುತ್ತುವ ಕೈಗೆ ಸಿಕ್ಕರೆ ಬೆರಳು ಮರಗಟ್ಟಿದ್ದು ಚಳಿಗೋ ಬಿಗಿತಕ್ಕೋ ಗೊತ್ತಾಗುವುದಿಲ್ಲ. ಚರ್ಮಕ್ಕೆ ಅಂಟದೆ ತನಗೆ ತಾನೇ ಅಂಟಿಕೊಳ್ಳುವ ಹೊಸ ಸುರುಳಿಪಟ್ಟಿಗಳು ಒದ್ದೆಯಲ್ಲೂ ಎಣ್ಣೆಗೈಯಲ್ಲೂ ನಿಲ್ಲುತ್ತವೆ. ಚಳಿಗೆ ಅಂಟುಪಟ್ಟಿಗಿಂತ ಎಷ್ಟೋ ವಾಸಿ. ಬೆಲೆ ಜಾಸ್ತಿ, ಜೊತೆಗೆ ಲೇಟೆಕ್ಸಿನವಾದರೆ ಮತ್ತದೇ ಮೇ ತಿಂಗಳ ಕಥೆ.

ಪಟ್ಟಿಗಳ ನಿಜವಾದ ಪರೀಕ್ಷೆ ನಡೆಯುವುದು ಹತ್ತಿ ಹೊಲದಲ್ಲೂ ಅಲ್ಲ, ಹೊಳಗುಂದ ಮಂಡಲದ ದೇವರಗಟ್ಟಿನಲ್ಲಿ. ವಿಜಯದಶಮಿಯ ರಾತ್ರಿ ಮಾಳ ಮಲ್ಲೇಶ್ವರನ ಉತ್ಸವಮೂರ್ತಿಗಳನ್ನು ಗುಡ್ಡದಿಂದ ಇಳಿಸುತ್ತಾರೆ. ನೆರಣಿಕಿ, ನೆರಣಿಕಿ ತಾಂಡಾ, ಕೊತ್ತಪೇಟೆಯವರು ಮೂರ್ತಿಗಳ ಕಾವಲಿಗೆ ನಿಂತರೆ, ಸುತ್ತಲಿನ ಊರುಗಳವರು ಕಸಿಯಲು ಮುನ್ನುಗ್ಗುತ್ತಾರೆ. ಕೈಯಲ್ಲಿ ಕಬ್ಬಿಣದ ಬಳೆ ತೊಡಿಸಿದ ಕೋಲು, ದೀವಟಿಗೆ. ಬನ್ನಿ ಉತ್ಸವ ಎಂದು ಹೆಸರಾದ ಈ ಬಡಿದಾಟ ನೋಡಲು ಬಳ್ಳಾರಿ ಕಡೆಯಿಂದಲೂ ಜನ ಬರುತ್ತಾರೆ. ಪ್ರತಿವರ್ಷ ಹತ್ತಾರು ತಲೆ ಒಡೆಯುತ್ತವೆ. ಗಾಯಾಳುಗಳ ಎಣಿಕೆ ನೂರನ್ನು ಮುಟ್ಟಿದ ವರ್ಷಗಳೂ ಇವೆ, ಸಾವುಗಳೂ ಆಗಿವೆ. ಆರೋಗ್ಯ ಇಲಾಖೆ ಅಲ್ಲೇ ತಾತ್ಕಾಲಿಕ ಚಿಕಿತ್ಸಾ ಶಿಬಿರ ಹಾಕುತ್ತದೆ, ಗಂಭೀರವಾದವರನ್ನು ಆಲೂರು, ಆದವಾನಿಯ ಆಸ್ಪತ್ರೆಗೆ ಸಾಗಿಸುತ್ತಾರೆ.

ನೆತ್ತಿಯ ಚರ್ಮದಲ್ಲಿ ರಕ್ತನಾಳಗಳು ಹೆಚ್ಚು, ಸಣ್ಣ ಸೀಳೂ ಅಂಗಿ ತೋಯಿಸುತ್ತದೆ. ಮೇಲೆ ಕೂದಲು, ಬೆವರು, ಅರಿಶಿನ. ಅಂಟುವ ಯಾವ ಪಟ್ಟಿಗೂ ಇಲ್ಲಿ ಕೆಲಸವಿಲ್ಲ. ಉಪಯೋಗಕ್ಕೆ ಬರುವುದು ಹತ್ತೊಂಬತ್ತನೇ ಶತಮಾನದಲ್ಲಿ ಜರ್ಮನಿಯ ಶಸ್ತ್ರವೈದ್ಯ ಎಸ್ಮಾರ್ಕ್ ಸೈನಿಕರ ನಡುವೆ ಬಳಕೆಗೆ ತಂದ ಮೂರು ಮೂಲೆಯ ಬಟ್ಟೆ. ಒಂದು ಮೀಟರ್ ಚೌಕದ ಬಟ್ಟೆಯನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿದರೆ ಅಂಥವು ಎರಡು. ಗಾಯದ ಮೇಲೆ ಗಾಝ್ ಗಟ್ಟಿಯಾಗಿಟ್ಟು ಒತ್ತಿ ಹಿಡಿದು, ಮೇಲೆ ಇದನ್ನು ರುಮಾಲಿನಂತೆ ಕಟ್ಟಿದರೆ ನಿಲ್ಲುತ್ತದೆ. ರುಮಾಲು ಸುತ್ತಿ ಬೆಳೆದ ಊರಿನವರಿಗೆ ಇದನ್ನು ಕಲಿಸಲು ಎಷ್ಟು ಹೊತ್ತು ಬೇಕು? ಬುರುಡೆ ಒಳಕ್ಕೆ ಕುಸಿದ ಅನುಮಾನವಿದ್ದರೆ ಒತ್ತಬಾರದು. ಆಗ ಅದೇ ಬಟ್ಟೆಯನ್ನು ಸಿಂಬೆಯಂತೆ ಸುತ್ತಿ, ಗಾಯ ಸಿಂಬೆಯ ನಡುವಿನ ಟೊಳ್ಳಿನಲ್ಲಿ ಬರುವಂತಿಟ್ಟು ಕಟ್ಟಬೇಕು. ಕೊಡ ಹೊರುವ ಸಿಂಬೆ ಗೊತ್ತಿದ್ದವರಿಗೆ ಇದೂ ಹೊಸತಲ್ಲ.

ದಸರಾ ಹೊತ್ತಿಗೆ ಚಳಿ ಇನ್ನೂ ಕಾಲಿಟ್ಟಿರುವುದಿಲ್ಲ, ನಿಜ. ಆದರೂ ಬೆವರಿನಲ್ಲಿ ತೋಯ್ದು ರಕ್ತ ಕಳೆದುಕೊಂಡವನು ನಡುರಾತ್ರಿ ಬಯಲಿನ ನೆಲದ ಮೇಲೆ ಮಲಗಿದರೆ ಮೈ ಬೇಗ ತಣ್ಣಗಾಗುತ್ತದೆ. ಮೈಯ ಕಾವು ಇಳಿದಷ್ಟೂ ರಕ್ತ ಹೆಪ್ಪುಗಟ್ಟುವ ಶಕ್ತಿ ಕುಗ್ಗುತ್ತದೆ. ಗಾಯದ ಮೇಲೆ ಎಷ್ಟು ಒಳ್ಳೆಯ ಪಟ್ಟಿ ಇದ್ದರೂ ಒಳಗಿನಿಂದ ರಕ್ತ ನಿಲ್ಲಲು ನೆರವು ಸಿಗದಂತಾಗುತ್ತದೆ. ಅಂದಮೇಲೆ ಈ ಸೀಮೆಯ ಪ್ರಥಮ ಚಿಕಿತ್ಸೆಯ ಸಾಮಾನಿನಲ್ಲಿ ಕಂಬಳಿಯನ್ನೂ ಎಣಿಸಬೇಕು: ಒಂದು ಕೆಳಗೆ, ಒಂದು ಮೇಲೆ. ಕುರುಬರ ಕಂಬಳಿಯ ನಾಡಿನಲ್ಲಿ ಅದನ್ನು ಹುಡುಕಲು ಮೆಡಿಕಲ್ ಶಾಪಿಗೆ ಹೋಗಬೇಕಾಗಿಲ್ಲ.

ದೇವರಗಟ್ಟಿನ ಭಕ್ತರ ಮೊದಲ ಔಷಧಿ ಪಟ್ಟಿಯಲ್ಲ, ಭಂಡಾರ. ಒಡೆದ ತಲೆಗೆ ಅರಿಶಿನ ಮೆತ್ತಿಕೊಂಡು ಮತ್ತೆ ಗುಂಪಿಗೆ ನುಗ್ಗುವವರುಂಟು. ಇದನ್ನು ಬರೀ ಮೌಢ್ಯ ಎಂದು ತಳ್ಳುವುದು ಅನ್ಯಾಯ. ಗಾಯ ಮಾಯಿಸಲು ಅರಿಶಿನ ಬಳಸುವ ವಿಧಾನಕ್ಕೆ 1995ರಲ್ಲಿ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿತ್ತು. ಇದು ನಮ್ಮ ಮನೆಮದ್ದು ಎಂದು ಭಾರತದ ಸಿಎಸ್ಐಆರ್ ದಾಖಲೆ ಸಮೇತ ತಕರಾರು ಹಾಕಿ 1997ರಲ್ಲಿ ಅದನ್ನು ರದ್ದು ಮಾಡಿಸಿತು. ಆದರೆ ಪೇಟೆಂಟಿನ ತಕರಾರು ಗೆದ್ದದ್ದಕ್ಕೂ ಸಂತೆಯ ಪುಡಿ ಶುದ್ಧವಾಗಿರುವುದಕ್ಕೂ ಸಂಬಂಧವಿಲ್ಲ. ಪುಡಿ ಕ್ರಿಮಿರಹಿತವಲ್ಲ, ಕಲಬೆರಕೆಯ ಬಣ್ಣವೂ ಇರಬಹುದು. ಎಲ್ಲಕ್ಕಿಂತ ಹೆಚ್ಚಾಗಿ, ಹೊಲಿಗೆ ಹಾಕುವ ಡಾಕ್ಟರು ಸೀಳು ಎಷ್ಟು ಆಳ ಎಂದು ನೋಡುವ ಮೊದಲು ಆ ಹಳದಿಯನ್ನೆಲ್ಲ ತೊಳೆಯಬೇಕಾಗುತ್ತದೆ. ಹಣೆಗೆ ಭಂಡಾರ, ಗಾಯಕ್ಕೆ ಶುದ್ಧ ನೀರು ಮತ್ತು ಗಾಝ್ ಎಂದು ಭಾಗ ಮಾಡಿಕೊಂಡರೆ ದೇವರಿಗೂ ಕೊರತೆಯಾಗದು. ಗಾಯಕ್ಕೆ ಮೆತ್ತುವ ಸುಟ್ಟ ಬಟ್ಟೆಯ ಬೂದಿ, ಕಾಫಿಪುಡಿಗೂ ಇದೇ ಮಾತು.

ಹತ್ತಿಯ ಊರಿನಲ್ಲಿ ಹತ್ತಿಯ ಬಗ್ಗೆಯೇ ಒಂದು ತಪ್ಪು ತಿಳಿವಳಿಕೆ ಇದೆ. ಹೊಲದಿಂದ ಬಂದ ಅರಳೆಯನ್ನು ಗಾಯಕ್ಕೆ ಒತ್ತಿದರೆ ರಕ್ತ ಹೀರುತ್ತದೆ ಎಂಬುದು ಸುಳ್ಳು. ಹಸಿ ಹತ್ತಿಯ ಎಳೆಯ ಮೇಲೆ ಮೇಣದ ತೆಳು ಪದರವಿರುತ್ತದೆ. ನೀರಿಗೆ ಹಾಕಿದರೆ ತೇಲುತ್ತದೆ. ಕಾಸ್ಟಿಕ್ ಸೋಡಾದಲ್ಲಿ ಬೇಯಿಸಿ, ಮೇಣ ತೆಗೆದು, ಬಿಳುಪುಗೊಳಿಸಿದ ಮೇಲೆಯೇ ಅದು ಆಸ್ಪತ್ರೆಯ ಹತ್ತಿ. ಅದನ್ನೂ ಹಸಿಗಾಯದ ಮೇಲೆ ನೇರವಾಗಿ ಇಡಬಾರದು, ಎಳೆಗಳು ಕಚ್ಚಿಕೊಂಡು ಬಿಚ್ಚುವಾಗ ಗಾಯ ಮತ್ತೆ ತೆರೆಯುತ್ತದೆ. ಮೊದಲು ಗಾಝ್, ಅದರ ಮೇಲೆ ಹತ್ತಿ. ಪಟ್ಟಿಯ ಬಟ್ಟೆ ನೇಯುವುದಕ್ಕೇ ಹೆಸರಾದ ಊರು ತಮಿಳುನಾಡಿನಲ್ಲಿದೆ, ರಾಜಪಾಳ್ಯಂ ಹತ್ತಿರದ ಛತ್ರಪಟ್ಟಿ. ಆದವಾನಿ ಅರಳೆ ಮಾರುತ್ತದೆ, ಪಟ್ಟಿ ಕೊಳ್ಳುತ್ತದೆ.

ಹಾಗೆಂದು ನೇಯ್ಗೆ ಇಲ್ಲಿಗೆ ಹೊಸತೇನಲ್ಲ. ಪಕ್ಕದ ಎಮ್ಮಿಗನೂರಿನಲ್ಲಿ ಮಾಚಾನಿ ಸೋಮಪ್ಪ 1938ರಲ್ಲೇ ನೇಕಾರರ ಸಹಕಾರ ಸಂಘ ಕಟ್ಟಿದರು. ಅಲ್ಲಿನ ಒಂದು ಹಳೆಯ ಪಂಚೆ, ಒಗೆದು ಬಿಸಿಲಲ್ಲಿ ಒಣಗಿಸಿ ಇಸ್ತ್ರಿ ಮಾಡಿ ಕತ್ತರಿಸಿದರೆ, ತಲೆಗೆ ಕಟ್ಟಲು, ಮುರಿದ ಕೈಗೆ ಜೋಳಿಗೆ ಹಾಕಲು, ಸಿಂಬೆ ಸುತ್ತಲು ಸಾಲುವಷ್ಟು ಬಟ್ಟೆ ಸಿಗುತ್ತದೆ. ಮೇ ತಿಂಗಳು ಅದಕ್ಕೆ ಏನೂ ಮಾಡದು, ಡಿಸೆಂಬರ್ ಕೂಡ. ಗಾಯಕ್ಕೆ ನೇರವಾಗಿ ತಾಗುವ ಪೊಟ್ಟಣದ ಗಾಝ್ ಮಾತ್ರ ಅಂಗಡಿಯದೇ ಆಗಿರಬೇಕು. ಅದರ ಪೊಟ್ಟಣ ಒದ್ದೆಯಾಗಿರಬಾರದು, ಹರಿದಿರಬಾರದು.

ಒಟ್ಟಿನಲ್ಲಿ ಈ ಕಡೆಯ ಚಳಿಗಾಲದ ಪೆಟ್ಟಿಗೆಗೆ ಮೊದಲ ಸ್ಥಾನ ಗಾಝ್ ಮತ್ತು ಮೂರು ಮೂಲೆಯ ಬಟ್ಟೆಗೆ, ಎರಡನೆಯದು ತನಗೆ ತಾನೇ ಅಂಟುವ ಸುರುಳಿಗೆ. ಡಿಕ್ಸನ್ನನ ಅಂಟುಪಟ್ಟಿ ಬೆರಳಿನ ಸಣ್ಣ ಗೀರಿಗೆ ಸಾಕು, ಅದೂ ಆ ವರ್ಷ ಕೊಂಡದ್ದಾದರೆ. ಕರಿಮಣ್ಣು, ಸಗಣಿ ತಾಗಿದ ಗಾಯಕ್ಕೆ ಯಾವ ಪಟ್ಟಿ ಕಟ್ಟಿದರೂ ಧನುರ್ವಾಯುವಿನ ಚುಚ್ಚುಮದ್ದು ತಪ್ಪಿಸುವಂತಿಲ್ಲ.

ಜಿನ್ನಿಂಗ್ ಫ್ಯಾಕ್ಟರಿಯ ಮೇಸ್ತ್ರಿಗಳು, ಲಾರಿಯವರು, ಶಾಲೆಯ ಮೇಷ್ಟ್ರುಗಳು ದಸರೆಯ ಆಯುಧಪೂಜೆಗೆ ಯಂತ್ರ, ಗಾಡಿ ತೊಳೆಯುವ ದಿನವೇ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯನ್ನೂ ಕೆಳಗಿಳಿಸಲಿ. ಒಂದು ಅಂಟುಪಟ್ಟಿಯನ್ನು ತಮ್ಮ ಮಣಿಕಟ್ಟಿಗೇ ಹಚ್ಚಿಕೊಂಡು ನೋಡಲಿ. ಸಂಜೆಯ ಒಳಗೆ ಅದರ ಅಂಚು ಎದ್ದಿದ್ದರೆ ಆ ಡಬ್ಬಿಯನ್ನು ಎಸೆದು ಹೊಸದು ತರಲಿ.