ಕಣ್ಣು ಮತ್ತು ಕೈ: ಬಂದಿಯ ಪರಿವರ್ತನೆಯನ್ನು ಕುರಿತ ಎರಡು ಕೃತಿಗಳು

ಸೆರೆಮನೆಗೆ ಹೋದವನು ಮರಳಿ ಮನುಷ್ಯರ ನಡುವೆ ಬಂದು ನಿಲ್ಲುವುದು ಹೇಗೆ ಎಂಬ ಪ್ರಶ್ನೆ ದಂಡನೀತಿಗೆ ಮಾತ್ರ ಸೇರಿದುದಲ್ಲ. ಕಥೆ, ನಾಟಕ, ಚಲಚ್ಚಿತ್ರಗಳಿಗೂ ಸೇರಿದುದು. ಕಾನೂನಿನ ವರದಿಯನ್ನು ಓದುವವರು ಕೆಲವರು, ನಾಟಕವನ್ನು ನೋಡುವವರು ಹಲವರು. ಆದಕಾರಣ ಈ ವಿಷಯದಲ್ಲಿ ಜನರ ಮನಸ್ಸಿನಲ್ಲಿ ನಿಂತಿರುವ ಭಾವನೆಯನ್ನು ಬಹುಮಟ್ಟಿಗೆ ಕಲೆಯೇ ರೂಪಿಸಿದೆ. ಆ ಭಾವನೆ ಸರಿಯೆ ಎಂದು ಪರೀಕ್ಷಿಸುವುದು ವಿಮರ್ಶೆಯ ಕೆಲಸ.

ಈ ಬಗೆಯ ಕೃತಿಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ವಿ. ಶಾಂತಾರಾಮರ ‘ದೋ ಆಂಖೇ ಬಾರಹ್ ಹಾಥ್’ (೧೯೫೭). ರಾಷ್ಟ್ರಪತಿಗಳ ಸುವರ್ಣ ಪದಕವನ್ನೂ, ೧೯೫೮ರಲ್ಲಿ ಬರ್ಲಿನ್ ಚಿತ್ರೋತ್ಸವದ ರಜತ ಪ್ರಶಸ್ತಿಯನ್ನೂ ಪಡೆದ ಚಿತ್ರ ಇದು. ಕಥೆ ಮರಾಠಿಯ ಕವಿ ಗ. ದಿ. ಮಾಡಗೂಳಕರರದು. ಆದಿನಾಥನೆಂಬ ಸೆರೆಮನೆಯ ಅಧಿಕಾರಿ ಕೊಲೆ ಮಾಡಿದ ಆರು ಮಂದಿಯನ್ನು ಬೇಡಿಯಿಲ್ಲದೆ ಒಂದು ಬಂಜರು ಭೂಮಿಗೆ ಕರೆದೊಯ್ದು, ಅವರ ಕೈಯಿಂದ ತರಕಾರಿ ಬೆಳೆಸುತ್ತಾನೆ. ಅವರು ನ್ಯಾಯದ ಬೆಲೆಗೆ ಮಾರತೊಡಗಿದೊಡನೆ ಪೇಟೆಯ ವರ್ತಕನಿಗೆ ಹಗೆ ಹುಟ್ಟುತ್ತದೆ. ಕೊನೆಗೆ ಅವನು ಬಿಟ್ಟ ಗೂಳಿಗಳಿಗೆ ಸಿಕ್ಕಿ ಆದಿನಾಥನು ಪ್ರಾಣ ಬಿಡುತ್ತಾನೆ. ಆರು ಜನರ ಹನ್ನೆರಡು ಕೈಗಳನ್ನು ಹಿಡಿದು ನಿಲ್ಲಿಸುವುದು ಅವನ ಎರಡು ಕಣ್ಣುಗಳು. ಓಡಿಹೋಗಬೇಕೆಂದವರನ್ನೂ ಆ ನೋಟವೇ ತಡೆಯುತ್ತದೆ. ಗೂಳಿಯೊಡನೆ ಸೆಣಸುವ ದೃಶ್ಯದಲ್ಲಿ ಸ್ವತಃ ಶಾಂತಾರಾಮರ ಕಣ್ಣಿಗೇ ಪೆಟ್ಟಾಯಿತೆಂಬ ಸಂಗತಿಯನ್ನು ಜನ ಇಂದಿಗೂ ಹೇಳುವುದುಂಟು.

ಚಿತ್ರದ ಸೌಂದರ್ಯವನ್ನು ಕುರಿತು ಎರಡು ಮಾತಿಲ್ಲ. ವಿಚಾರಣೀಯವಾದುದು ಅದರ ತತ್ತ್ವ. ಈ ಕಥೆಗೆ ನಿಜಜೀವನದಲ್ಲಿ ಆಧಾರವೊಂದಿತ್ತು; ಆ ಆಧಾರವನ್ನೂ ಚಿತ್ರವನ್ನೂ ಒತ್ತಟ್ಟಿಗಿಟ್ಟು ನೋಡಿದರೆ ವ್ಯತ್ಯಾಸ ಸಣ್ಣದಲ್ಲ.

ಔಂಧವು ಸಾತಾರೆ, ಸೊಲ್ಲಾಪುರ, ವಿಜಾಪುರ ಜಿಲ್ಲೆಗಳ ನಡುವೆ ತುಂಡುತುಂಡಾಗಿ ಹರಡಿದ್ದ ಸಣ್ಣ ಸಂಸ್ಥಾನ. ಕನ್ನಡನಾಡಿನ ಗುಣದಾಳವೂ ಅದರ ಒಂದು ತುಂಡು. ಅಲ್ಲಿನ ಆಟಪಾಡಿಯ ಬಳಿ ೧೯೩೯ರಲ್ಲಿ ‘ಸ್ವತಂತ್ರಪುರ’ವೆಂಬ ಗೋಡೆಯಿಲ್ಲದ ಬಂದೀಗ್ರಾಮ ಹುಟ್ಟಿತು. ಅದರ ಹಿಂದಿದ್ದ ಚೇತನ ಮಾರಿಸ್ ಫ್ರೀಡ್‌ಮನ್ ಎಂಬ ಪೋಲೆಂಡಿನ ಯೆಹೂದಿ. ಕನ್ನಡಿಗರಿಗೆ ಈತ ಪರಕೀಯನಲ್ಲ. ಸರ್ ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ ಬೆಂಗಳೂರಿಗೆ ಬಂದು ಮೈಸೂರು ಸರ್ಕಾರದ ವಿದ್ಯುತ್ ಕಾರ್ಖಾನೆಯನ್ನು ನಡೆಸಿದ ಎಂಜಿನಿಯರು ಇವರೇ. ಕಾವಿಯುಟ್ಟು ಭಾರತಾನಂದರೆನಿಸಿಕೊಂಡವರೂ ಇವರೇ. ರಾಜಪುತ್ರ ಅಪ್ಪಾ ಪಂತರು ಇವರನ್ನು ಔಂಧಕ್ಕೆ ಕರೆದುಕೊಂಡು ಹೋದರು. ಗಾಂಧೀಜಿಯವರ ಸಲಹೆಯಂತೆ ಪ್ರಜೆಗಳಿಗೆ ಆಡಳಿತವನ್ನು ಒಪ್ಪಿಸಿದ ಔಂಧದ ಪ್ರಯೋಗಕ್ಕೂ ಈ ಬಂದೀಗ್ರಾಮಕ್ಕೂ ಬೇರು ಒಂದೇ: ಹೊಣೆಯನ್ನು ಹೊರಿಸಿದ ಹೊರತು ಮನುಷ್ಯ ಹೊಣೆಗಾರನಾಗಲಾರನು.

ಸ್ವತಂತ್ರಪುರದ ಬಂದಿಗಳಿಗೆ ಉಳುವುದಕ್ಕೆ ನೆಲವಿತ್ತು. ಅದಕ್ಕಿಂತ ಹೆಚ್ಚಾಗಿ, ಮನೆಯಲ್ಲಿ ಹೆಂಡತಿ ಮಕ್ಕಳಿದ್ದರು. ಇದೇ ಮುಖ್ಯ. ಸಂಜೆಗೆ ಒಲೆ ಹೊತ್ತುವ ಮನೆಯನ್ನು ಬಿಟ್ಟು ಓಡಿಹೋಗುವುದು ಗೋಡೆ ಹಾರುವುದಕ್ಕಿಂತ ಕಷ್ಟವೆಂಬುದನ್ನು ಆ ಯೋಜನೆ ಕಂಡುಕೊಂಡಿತ್ತು. ಔಂಧವು ೧೯೪೮ರಲ್ಲಿ ಮುಂಬಯಿ ಪ್ರಾಂತದಲ್ಲಿ ಲೀನವಾದರೂ ಸ್ವತಂತ್ರಪುರ ಉಳಿಯಿತು. ೧೯೬೩ರಲ್ಲಿ ರಾಜಸ್ಥಾನದ ಸಾಂಗಾನೇರಿನಲ್ಲಿ ಆರಂಭವಾದ ಬಯಲು ಬಂದೀಶಿಬಿರದಲ್ಲಿಯೂ ಬಂದಿಗಳು ಸಂಸಾರಸಹಿತ ಬಾಳುತ್ತ ಬಂದಿದ್ದಾರೆ.

ಚಿತ್ರವಾದರೋ ಆ ಸಂಸಾರವನ್ನು ತೆಗೆದುಹಾಕಿ ಅದರ ಜಾಗದಲ್ಲಿ ಒಬ್ಬ ಮಹಾಪುರುಷನನ್ನು ಇರಿಸಿತು. ಬೊಂಬೆ ಮಾರುವ ಚಂಪಾ ಬಂದು ಹೋಗುತ್ತಾಳೆ, ಹಾಡುತ್ತಾಳೆ. ಆದರೆ ಆ ಆರು ಜನರ ಬಾಳಿಗೆ ಆಧಾರ ಆದಿನಾಥನೊಬ್ಬನೇ. ಕಥೆಗೆ ನಾಯಕನೊಬ್ಬ ಬೇಕು, ಸಮುದಾಯವು ನಾಯಕನಾಗುವುದು ಕಷ್ಟ ಎಂದು ಸಮಾಧಾನ ಹೇಳಬಹುದು. ಹೇಳಿದರೂ ಪರಿಣಾಮ ತಪ್ಪದು. ಕಣ್ಣಿನ ಅಂಕೆಯಲ್ಲಿ ನಡೆದವನು ಆ ಕಣ್ಣು ಮುಚ್ಚಿದ ಮೇಲೆ ಏನಾದಾನು? ಈ ಪ್ರಶ್ನೆಗೆ ಉತ್ತರವಾಗಿ ಚಿತ್ರವು ಆ ಕಣ್ಣುಗಳನ್ನೇ ಅಮರಗೊಳಿಸುತ್ತದೆ. ಭಕ್ತಿಗೆ ಇದು ಒಪ್ಪುವ ಉತ್ತರ. ಬಿಡುಗಡೆಯಾಗಿ ಬಸ್ಸಿಳಿದು ತನ್ನೂರಿನ ಚಾವಡಿಯ ಮುಂದೆ ನಡೆಯಬೇಕಾದವನಿಗೆ ಒದಗುವ ಉತ್ತರವಲ್ಲ.

ಇದಕ್ಕೆ ಪ್ರತಿಯಾಗಿ ಕನ್ನಡ ರಂಗಭೂಮಿ ಬೇರೊಂದು ದಾರಿಯನ್ನು ತೋರಿಸಿದೆ. ಮೈಸೂರಿನ ರಂಗಾಯಣದ ನಟರಾದ ಹುಲುಗಪ್ಪ ಕಟ್ಟೀಮನಿಯವರು ೧೯೯೦ರ ದಶಕದ ಕೊನೆಯಿಂದ ಕಾರಾಗೃಹಗಳ ಬಂದಿಗಳನ್ನು ಕೂಡಿಸಿಕೊಂಡು ನಾಟಕಗಳನ್ನು ಆಡಿಸಿದರು. ಅವುಗಳಲ್ಲಿ ಎಚ್. ಎಸ್. ಶಿವಪ್ರಕಾಶರ ‘ಮಾರನಾಯಕನ ದೃಷ್ಟಾಂತ’ ಒಂದು. ಇದು ಷೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ನಾಟಕದ ರೂಪಾಂತರ. ಎಂ. ಎಲ್. ಶ್ರೀಕಂಠೇಶಗೌಡರ ‘ಪ್ರತಾಪರುದ್ರದೇವ’ದಿಂದ ಡಿ. ವಿ. ಗುಂಡಪ್ಪನವರ ಅನುವಾದದವರೆಗೆ ಈ ದುರಂತಕಥೆ ಕನ್ನಡಕ್ಕೆ ಹಲವು ಸಲ ಬಂದಿದೆ. ಆದರೆ ಕೊಲೆಯ ಶಿಕ್ಷೆಯನ್ನು ಅನುಭವಿಸುತ್ತಿರುವವರ ಬಾಯಲ್ಲಿ ಬಂದಾಗ ಅದರ ತೂಕವೇ ಬೇರೆಯಾಯಿತು.

ಕೈಗೆ ಅಂಟಿದ ನೆತ್ತರು ತೊಳೆದರೂ ಹೋಗದು ಎಂಬುದು ಓದುಗನಿಗೆ ಕೇವಲ ಪ್ರತಿಮೆ. ಈ ನಟನಿಗೆ ಹಾಗಲ್ಲ. ಇಲ್ಲಿ ಅವನನ್ನು ನೆಟ್ಟ ನೋಟದಿಂದ ಕಾಯುವ ಅಧಿಕಾರಿಯಿಲ್ಲ. ಕಣ್ಣುಗಳಿರುವುದು ಸಭೆಯಲ್ಲಿ, ಅವು ನೂರಾರು. ತಪ್ಪಿತಸ್ಥನ ಒಳಗನ್ನು ಅವನೇ ಮಾತಾಡಿ ತೋರಿಸಬೇಕು. ಉಪದೇಶ ಮಾಡುವ ಸದ್ಗುಣಿಯ ಪಾತ್ರವನ್ನು ಬಿಟ್ಟು ಕೊಲೆಗಾರನ ಪಾತ್ರವನ್ನು ಬಂದಿಗೆ ಕೊಟ್ಟುದರಲ್ಲಿ ನಿರ್ದೇಶಕರ ವಿವೇಕವಿದೆ. ನೀತಿಬೋಧೆಯ ನಾಟಕ ಕೊಟ್ಟಿದ್ದರೆ ಅವನು ಅಧಿಕಾರಿಗಳು ಮೆಚ್ಚುವ ಮಾತನ್ನು ಒಪ್ಪಿಸಿ ಬರುತ್ತಿದ್ದನು, ಅಷ್ಟೆ. ಜೊತೆಗೆ ಪಾಠ ಕಲಿಯುವುದು, ಹೊತ್ತಿಗೆ ಸರಿಯಾಗಿ ಬರುವುದು, ಎದುರು ಪಾತ್ರದ ಮಾತಿಗೆ ಕಾಯುವುದು, ಇವೂ ಶಿಕ್ಷಣವೇ. ಅಕ್ಷರ ಬಾರದವನು ಕೇಳಿ ಕೇಳಿ ಪುಟಗಟ್ಟಲೆ ಮಾತನ್ನು ಕಂಠಸ್ಥ ಮಾಡುವುದು ದೊಡ್ಡಾಟ, ಯಕ್ಷಗಾನಗಳ ನಾಡಿಗೆ ಹೊಸತೇನಲ್ಲ.

ಆದರೆ ಈ ರಂಗಪ್ರಯೋಗವನ್ನು ಹೊಗಳುವ ಲೇಖನಗಳಲ್ಲಿ ಒಂದು ದೋಷ ಕಾಣುತ್ತದೆ. ನಾಟಕವಾಡಿದುದರಿಂದ ಬಂದಿ ಬದಲಾದನೆಂದು ಅವು ಸುಲಭವಾಗಿ ಬರೆದುಬಿಡುತ್ತವೆ. ಹಾಗೆ ಬರೆಯುವುದು ಆದಿನಾಥನ ಕಣ್ಣುಗಳನ್ನು ನಿರ್ದೇಶಕನ ಮುಖಕ್ಕೆ ಅಂಟಿಸಿದಂತೆ. ಕಾರಾಗೃಹದ ಹೊರಗಿನ ರಂಗಮಂದಿರದಲ್ಲಿ ಚಪ್ಪಾಳೆ ಮುಗಿದ ಮೇಲೆ ನಟರು ಪೋಲೀಸರ ವಾಹನವನ್ನೇರಿ ಹಿಂತಿರುಗಬೇಕು. ವರ್ಷಗಳ ತರುವಾಯ ಬಿಡುಗಡೆಯ ಕಾಗದವನ್ನು ಹಿಡಿದು ಹೊರಬಂದಾಗ ಅವನಿಗೆ ಬೇಕಾದುದು ಕೂಲಿ, ಸೂರು, ಬಾಗಿಲು ತೆರೆಯುವ ಒಂದು ಕೈ. ಸತ್ತವನ ಮನೆಯವರೂ ಅದೇ ಊರಿನಲ್ಲಿರುತ್ತಾರೆ. ಅವರ ದುಃಖವೂ ಲೆಕ್ಕಕ್ಕೆ ಬರಬೇಕಾದುದೇ. ರಂಗಭೂಮಿ ಅವನಿಗೆ ಮಾತು ಕೊಟ್ಟಿತು. ನೆಲವನ್ನೂ ಮನೆಯನ್ನೂ ಕೊಡುವ ಶಕ್ತಿ ಅದಕ್ಕಿಲ್ಲ. ಸ್ವತಂತ್ರಪುರ ಮೊದಲು ಕೊಟ್ಟುದು ಆ ಎರಡನ್ನೇ. ಚಿತ್ರವು ಕಥೆಯಿಂದ ಕೈಬಿಟ್ಟುದು ಆ ಮನೆಯನ್ನೇ.